ಎಳ್ಳಮಾಸಿಯ ಹೊಲದಲ್ಲಿ ಉಣ್ಣದೆ ಕೂತವಳು

ಆಗ ನನಗೆ ಇಪ್ಪತ್ತಾರು ಇರಬೇಕು, ಇಲ್ಲವೇ ಇಪ್ಪತ್ತೇಳು. ಅದಾಗಿ ನಲವತ್ತು ವರ್ಷದ ಮೇಲಾಯಿತು. ನಾನು ಹುಟ್ಟಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಬರೆದಿಟ್ಟಿಲ್ಲ, ಹಾಗಾಗಿ ಒಂದು ವರ್ಷ ಆಚೀಚೆ ಆದರೆ ಓದುವವರು ಸುಧಾರಿಸಿಕೊಳ್ಳಬೇಕು.

ಹೋದ ತಿಂಗಳು ಆಕೆ ತೀರಿಕೊಂಡಳು. ಮನೆಯ ಮುಂದೆ ಕೂತ ಜನ ಒಬ್ಬರ ಹಿಂದೆ ಒಬ್ಬರು, "ಬಾಳ ಮೆತ್ತನ ಹೆಣಮಗಳು, ಯಾರಿಗೂ ಒಂದು ಮಾತು ಅಂದಾಕಿ ಅಲ್ಲ" ಎಂದರು. ನಾನು ಅಲ್ಲೇ ಕೂತಿದ್ದೆ. ಸತ್ತವರ ಮನೆಯಲ್ಲಿ ವಾದ ಬೇಡವೆಂದು ಸುಮ್ಮನಾದೆ. ಆದರೆ ಅದು ಸುಳ್ಳು. ಆಕೆ ಮೆತ್ತಗಿನವಳಲ್ಲ. ಒಬ್ಬೊಬ್ಬರಿಗೆ ಹತ್ತು ಮಾತು ಅಂದವಳು. ನನಗೆ ಅಂದದ್ದನ್ನು ಬರೆಯುತ್ತಾ ಹೋದರೆ ಬೇರೆಯದಕ್ಕೆ ಜಾಗ ಉಳಿಯುವುದಿಲ್ಲ. ಆಕೆ ಮೆತ್ತಗಿದ್ದಿದ್ದರೆ ನಮ್ಮ ಕೂಲಿ ಇವತ್ತಿಗೂ ಸಾವ್ಕಾರನ ತಿಜೋರಿಯಲ್ಲೇ ಇರುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಕೆಯ ಹೆಸರು ಬರೆಯುವುದಿಲ್ಲ. ಮಕ್ಕಳಿದ್ದಾರೆ, ಬೇಡ ಎಂದಿದ್ದಾರೆ. ಬರೆದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಳಂದದಲ್ಲಿ ಎಲ್ಲರೂ ಆಕೆಯನ್ನು ಖಾಲಾ ಎನ್ನುತ್ತಿದ್ದರು, ಅಂದರೆ ಚಿಕ್ಕವ್ವ. ಆಕೆಯೂ ಯಾರನ್ನೂ ಹೆಸರು ಹಿಡಿದು ಕರೆದವಳಲ್ಲ. ಯಾವ ಊರಿನಿಂದ ಬಂದಿದ್ದೇವೋ ಆ ಊರೇ ನಮ್ಮ ಹೆಸರು. ನಾನು ಜೇವರ್ಗಿ ತಾಲೂಕಿನ ನೆಲೋಗಿಯವಳು, ಅದಕ್ಕೆ ನನ್ನನ್ನು "ಏ ನೆಲೋಗಿ, ಇತ್ತ ಬಾ ಬೇ" ಎನ್ನುವಳು. ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಜಿಡಗಾ. ಒಂದು ದಿನ ನಾನು, "ನನಗೊಂದು ಹೆಸರದ ಖಾಲಾ" ಎಂದೆ. "ಇರಲಿ, ಮನ್ಯಾಗ ಇಟ್ಕೋ" ಎಂದಳು.

ನಾವು ಕೆಲಸ ಮಾಡುತ್ತಿದ್ದದ್ದು ಬೇಳೆ ಮಿಲ್ಲಿನಲ್ಲಿ. ತೊಗರಿ ರಾಶಿ ಆದ ಮೇಲೆ ಶುರುವಾದರೆ ಮಳೆ ಬೀಳುವ ತನಕ ಕೆಲಸ. ಗಂಡಸರು ಮಷಿನ್ನಿನ ಹತ್ತಿರ, ಹೆಂಗಸರು ಅಂಗಳದಲ್ಲಿ. ಮೊರದಲ್ಲಿ ಬೇಳೆ ಹಾಕಿಕೊಂಡು ಕೇರುವುದು, ಹರಳು ಆರಿಸುವುದು. ಧೂಳು ಎಷ್ಟೆಂದರೆ ಸಂಜೆಗೆ ಎಲ್ಲರ ಹುಬ್ಬೂ ಹಳದಿಯಾಗುತ್ತಿತ್ತು. ಖಾಲಾ ಬೆಳಗ್ಗೆ ಹಲ್ಲಿಗೆ ಮಿಶ್ರಿ, ಅಂದರೆ ಹುರಿದ ತಂಬಾಕಿನ ಪುಡಿ, ತಿಕ್ಕುತ್ತಾ ಬಂದು, ಬಾವಿಯ ಕಟ್ಟೆಯಲ್ಲಿ ಬಾಯಿ ಮುಕ್ಕಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತರೆ ಮಧ್ಯಾಹ್ನದ ತನಕ ತಲೆ ಎತ್ತುತ್ತಿರಲಿಲ್ಲ. ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ.

ಒಮ್ಮೆ ನನಗೆ ಜ್ವರ ಬಂದು ಎರಡು ದಿನ ಮಲಗಿದೆ. ಉಳಿದವರು ನೋಡಲು ಬಂದು ಅಯ್ಯೋ ಪಾಪ ಎಂದು ಹೋದರು. ಖಾಲಾ ಬರಲಿಲ್ಲ. ಮೂರನೇ ದಿನ ಮಿಲ್ಲಿಗೆ ಹೋದರೆ ಕೂಲಿಯವರ ಮೇಲಿನ ಮುಕಾದಮ ನನ್ನ ಹಾಜರಿ ತಪ್ಪಿಸಿರಲಿಲ್ಲ. ನನ್ನ ಪಾಲಿನ ಬುಟ್ಟಿಗಳನ್ನು ಖಾಲಾ ತಾನೇ ಹಸನು ಮಾಡಿಕೊಟ್ಟಿದ್ದಳು. ನಾನು ಏನೋ ಹೇಳಲು ಬಾಯಿ ತೆರೆದೆ. "ನಕ್ಕೋ" ಎಂದಳು, ಅಂದರೆ ಬೇಡ. "ಮುಂದಿನ ವಾರ ನಾ ಅಫಜಲಪುರಕ್ಕ ಹೋಗ್ತೇನಿ. ನನ್ನ ಪಾಲಿಂದು ನೀ ಮಾಡು. ಲೆಕ್ಕ ಬರೋಬರಿ ಆತು." ಮುಂದಿನ ವಾರ ನಿಜವಾಗಿಯೂ ಹೋದಳು. ನಾನು ಮಾಡಿಕೊಟ್ಟೆ. ಸೊಂಟ ಬಿದ್ದುಹೋಯಿತು.

ಆಕೆಯ ಗಂಡ ಬದುಕಿದ್ದಾಗ ಗಾಣಗಾಪುರದಲ್ಲಿ ಟಾಂಗಾ ಹೊಡೆಯುತ್ತಿದ್ದನಂತೆ. ಗುಡಿಯಿಂದ ಸಂಗಮಕ್ಕೆ ಯಾತ್ರಿಕರನ್ನು ಕರೆದೊಯ್ಯುವುದು. ಹತ್ತುವಾಗ ಒಂದು ಬಾಡಿಗೆ ಒಪ್ಪಿ, ಇಳಿದ ಮೇಲೆ ಅರ್ಧ ಕೊಟ್ಟು ನಡೆದುಬಿಡುತ್ತಿದ್ದರು. ಗಂಡ ಸಾಧು, ದೇವರ ಊರಿನಲ್ಲಿ ಜಗಳ ಬೇಡ ಎನ್ನುವವನು. ಆಮೇಲೆ ಖಾಲಾ ತಾನೇ ಟಾಂಗಾದ ಹಿಂದೆ ಕೂತು ಹೋಗಲು ಶುರುಮಾಡಿದಳು. ಅರ್ಧ ದಾರಿಯಲ್ಲಿ, ಆಕಡೆ ಊರಿಲ್ಲ ಈಕಡೆ ಹೊಳೆಯಿಲ್ಲ ಅನ್ನುವಲ್ಲಿ, ಕುದುರೆ ನಿಲ್ಲಿಸಿ, "ಕುದುರಿ ದಣದದ್ರಿ. ಅದು ಸುಧಾರಿಸಿಕೊಳ್ಳೂದ್ರಾಗ ಬಾಡಿಗಿ ತೆಗೀರಿ" ಎನ್ನುತ್ತಿದ್ದಳಂತೆ. ಬಿಸಿಲಲ್ಲಿ ಯಾರು ನಡೆಯುತ್ತಾರೆ, ಕೊಡುತ್ತಿದ್ದರು. ಇದನ್ನು ನಮಗೆ ಹೇಳಿ ತಾನೇ ನಕ್ಕು, "ಮಂದಿ ಕೆಟ್ಟವರಲ್ಲ ಬೇ. ಇಳದ ಮ್ಯಾಲ ಮರೀತಾರ, ಅಷ್ಟೇ" ಎನ್ನುವಳು.

ಇಷ್ಟು ಹುಷಾರಿದ್ದವಳು ಮಿಲ್ಲಿನಲ್ಲಿ ಮೋಸ ಹೋದದ್ದು ಹೇಗೆ ಎಂದು ಕೇಳಬಹುದು. ಹೇಳುತ್ತೇನೆ.

ಮಿಲ್ಲಿನಲ್ಲಿ ಸಂತೆಯ ದಿನ ನಮಗೆ ಖರ್ಚಿ ಕೊಡುತ್ತಿದ್ದರು. ಖರ್ಚಿ ಅಂದರೆ ವಾರದ ಕೂಲಿಯಲ್ಲಿ ಹಿಟ್ಟು, ಎಣ್ಣೆ, ಸೀಮೆಎಣ್ಣೆಗೆ ಸಾಲುವಷ್ಟು. ಉಳಿದದ್ದು ಮಿಲ್ಲಿನ ಮಾಲೀಕ ಸಾವ್ಕಾರನ ಹತ್ತಿರವೇ ಜಮಾ. ಮಿಲ್ಲು ನಿಲ್ಲುವ ದಿನ ಒಮ್ಮೆಲೇ ಗಂಟಾಗಿ ಕೊಡುವುದು. ಇದು ಸಾವ್ಕಾರ ಹೂಡಿದ ಆಟ ಎಂದು ತಿಳಿಯಬೇಡಿ. ನಾವೇ ಕೇಳಿ ಮಾಡಿಸಿಕೊಂಡ ಪದ್ಧತಿ. ಕೂಲಿ ಪೂರ್ತಿ ಮನೆಗೆ ಹೋದರೆ ಗಂಡಂದಿರು ಕುಡಿಯುತ್ತಿದ್ದರು, ಕುಡಿಯದವರು ಇಸ್ಪೀಟು ಆಡುತ್ತಿದ್ದರು. ಎಲ್ಲರಿಗೂ ಬುದ್ಧಿ ಹೇಳಿದವಳು ಖಾಲಾ. "ಮನ್ಯಾಗ ಎಲ್ಲಿ ಮುಚ್ಚಿಟ್ರೂ ಗಂಡಗ ವಾಸನಿ ಹತ್ತತದ. ಸಾವ್ಕಾರನ ತಿಜೋರಿಗೆ ನಿಮ್ಮ ಗಂಡರು ಕೈ ಹಾಕಂಗಿಲ್ಲ" ಎಂದು ಆಕೆಯೇ ಸಾವ್ಕಾರನ ಹತ್ತಿರ ಹೋಗಿ ಮಾತಾಡಿ ಬಂದಳು. ಕೆಲವು ವರ್ಷ ಸರಿಯಾಗಿ ಬಂತು. ಆ ಗಂಟಿನಲ್ಲಿ ಒಬ್ಬಳು ಎಮ್ಮೆ ತಂದಳು, ಒಬ್ಬಳು ಮಗಳ ಮದುವೆ ಮಾಡಿದಳು.

ನನಗೆ ಗಂಡನ ಕಾಟ ಇರಲಿಲ್ಲ. ಸೊಲ್ಲಾಪುರಕ್ಕೆ ದುಡಿಯಲು ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿದ್ದ. ನಾನು ಆಳಂದದಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದೆ. ಆದರೂ ಎಲ್ಲರೂ ಕೂಲಿಯನ್ನು ಸಾವ್ಕಾರನ ಹತ್ತಿರ ಬಿಡುತ್ತಾರೆಂದು ನಾನೂ ಬಿಟ್ಟೆ. ವರ್ಷದ ಬಾಡಿಗೆಯನ್ನು ಆ ಗಂಟಿನಿಂದಲೇ ಕೊಡುವುದೆಂದು ಖೋಲಿಯವನಿಗೆ ಮಾತು ಕೊಟ್ಟಿದ್ದೆ.

ಒಂದು ವರ್ಷ ಮಳೆಗಾಲಕ್ಕೆ ಮಿಲ್ಲು ನಿಂತಿತು, ಗಂಟು ಬರಲಿಲ್ಲ. ಸಾವ್ಕಾರ ಮಿಲ್ಲನ್ನು ಮಷಿನ್ನು ಸಮೇತ ಬೇರೊಬ್ಬರಿಗೆ ಬಾಡಿಗೆಗೆ ಕೊಟ್ಟು, ತಾನು ಮಾರ್ಕೆಟ್ಟಿನಲ್ಲಿ ದಲಾಲಿ ವ್ಯಾಪಾರದ ಅಡತಿ ಅಂಗಡಿ ಹಾಕಿದ. ನಾವು ಅಲ್ಲಿಗೆ ಹೋದೆವು. ಸಾವ್ಕಾರ ಒರಟನಲ್ಲ. ಬರ್ರಿ ಬರ್ರಿ ಎಂದು ಕೂರಿಸಿ, ಚಹಾ ತರಿಸಿದ. "ಮಾಲು ಹೋಗಿಲ್ರೆವಾ, ರೊಕ್ಕ ಸಿಗಬಿದ್ದದ. ಪಂಚಮಿಗೆ ಬರ್ರಿ" ಎಂದ. ಪಂಚಮಿಗೆ ಹೋದೆವು, ಚಹಾ ಕೊಟ್ಟು ದಸರಾಕ್ಕೆ ಎಂದ. ದಸರಾಕ್ಕೆ ಹೋದರೆ ಚಹಾ ಕೊಟ್ಟು ದೀಪಾವಳಿಗೆ ಎಂದ. ದೀಪಾವಳಿಗೆ ಹೋದರೆ, "ಲಕ್ಷ್ಮೀಪೂಜಿ ಮಾಡೇವಿ, ಈಗ ಮನಿಯಿಂದ ರೊಕ್ಕ ಹೊರಗ ಹಾಕಬಾರದು. ನಿಮಗೇ ಗೊತ್ತಲ್ಲ" ಎಂದ. ಅವತ್ತು ಚಹಾದ ಜೊತೆ ಶಂಕರಪಾಳಿಯನ್ನೂ ಕೊಟ್ಟ.

ಅಂಗಡಿಯಿಂದ ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತೆವು. ಜಿಡಗಾದವಳಿಗೆ ಸಿಟ್ಟು ತಡೆಯಲಿಲ್ಲ. "ನೀನೇ ಇಡಸಿದಿ ಖಾಲಾ. ನನ್ನ ಗಂಡ ಕುಡದಿದ್ರ, ಕುಡದು ಹಾಳಾದ ಅಂತರೆ ಗೊತ್ತಾಗ್ತಿತ್ತು. ಇದು ಎತ್ತ ಹೋತು?"

ಖಾಲಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ, "ಇಡಸಿದಾಕಿ ನಾನ, ಬಿಡಸಾಕಿನೂ ನಾನ. ಇನ್ನ ಬಾಯಿ ಮುಚ್ಚು" ಎಂದಳು. ತಪ್ಪಾಯಿತು ಎನ್ನಲಿಲ್ಲ. ಎಂದಿಗೂ ಎನ್ನಲಿಲ್ಲ.

ಆಕೆ ಮೊದಲು ಮಾಡಿದ್ದು ನಮ್ಮನ್ನು ಕಲಬುರ್ಗಿಗೆ ಕರೆದೊಯ್ದದ್ದು. ಕೂಲಿಯವರ ತಕರಾರು ಕೇಳುವ ಒಂದು ಆಫೀಸು ಇದೆಯೆಂದು ಯಾರೋ ಹೇಳಿದ್ದರು. ಅಲ್ಲಿ ಟೇಬಲ್ಲಿನ ಹಿಂದೆ ಕೂತಿದ್ದವನು, "ನೀವು ಆ ಮಿಲ್ಲಿನಾಗ ಕೆಲಸ ಮಾಡಿದ್ದಕ್ಕ ಏನು ಪುರಾವೆ ಅದ?" ಎಂದು ಕೇಳಿದ.

ಖಾಲಾ, "ನೀವು ಬ್ಯಾಳಿ ಉಣ್ತೀರಿಲ್ರಿ ಸಾಹೇಬ್ರ?" ಎಂದಳು.

"ಉಣ್ತೇವಿ. ಅದಕ್ಕೇನು?"

"ಹೋದ ವರ್ಷ ಹಲ್ಲಿಗೆ ಹರಳು ಸಿಕ್ಕಿತ್ತೇನ್ರಿ?"

"ಇಲ್ಲ."

"ಅದ ಪುರಾವೆ."

ಆಫೀಸಿನವರೆಲ್ಲ ನಕ್ಕರು. ಕೇಳಿದವನೂ ನಕ್ಕ. ನಕ್ಕು, ತಿಂಗಳು ಬಿಟ್ಟು ಬರ್ರಿ ಎಂದ. ಬಸ್ಸಿನಲ್ಲಿ ವಾಪಸು ಬರುವಾಗ ಖಾಲಾ ಕಿಟಕಿಯ ಹೊರಗೆ ನೋಡುತ್ತಾ, "ಈ ನಗಸೂದೊಂದು ನನಗ ಕೆಟ್ಟ ಚಟ. ನಕ್ಕ ಮ್ಯಾಲ ಮಂದಿ ಕೆಲಸ ಮುಗೀತು ಅಂತ ತಿಳೀತಾರ" ಎಂದಳು. ಆ ದಾರಿಯಲ್ಲೇ ಆಕೆಗೆ ಇನ್ನೊಂದೂ ಹೊಳೆದಿರಬೇಕು. "ಸಾವ್ಕಾರನ ಚಹಾನೂ ಹಂಗೇ. ಕುಡದವರ ಬಾಯಾಗ ಜಗಳ ಬರಂಗಿಲ್ಲ. ಕುಡೀಬಾರದಿತ್ತು."

ಅಷ್ಟರಲ್ಲಿ ನನ್ನ ಕೆಲಸ ಕೆಟ್ಟಿತ್ತು. ಖೋಲಿಯವನು ಎಳ್ಳಮಾಸಿ ಕಳೆಯುವುದರೊಳಗೆ ಬಾಡಿಗೆ ಕೊಡು, ಇಲ್ಲ ಖಾಲಿ ಮಾಡು ಎಂದಿದ್ದ. ನೆಲೋಗಿಯಿಂದ ಅಣ್ಣ ಬಂದು, "ಅಮಾಸಿ ಆದ ಮ್ಯಾಲ ಬಂದು ಕರಕೊಂಡು ಹೋಗ್ತೇನಿ, ಸಾಮಾನು ಕಟ್ಟಿಟ್ಟಿರು. ಒಂದು ರೊಟ್ಟಿ ಹೆಚ್ಚಿಗಿ ಬಡದ್ರ ಆತು, ನೀ ಏನು ನಮಗ ಭಾರನು?" ಎಂದು ಹೇಳಿ ಹೋದ. ಆ ಹೆಚ್ಚಿನ ರೊಟ್ಟಿಯನ್ನು ಬಡಿಯುವವಳು ನಾನೇ, ಎಲ್ಲರ ರೊಟ್ಟಿಯನ್ನು ಬಡಿಯುವವಳೂ ನಾನೇ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಣ್ಣನ ಹೊಲದಲ್ಲಿ ದುಡಿದರೆ ಕೂಲಿ ಕೇಳುವ ಹಾಗಿಲ್ಲ. ಅತ್ತಿಗೆ ಬಡಿಸಿದಷ್ಟು ಉಣ್ಣಬೇಕು. ಒಮ್ಮೆ ಹೋದರೆ ಸಾಯುವ ತನಕ ಅಲ್ಲೇ. ಕೂಲಿ ಬಂದರೆ ನಾನು ಆಳಂದದವಳು, ಬರದಿದ್ದರೆ ಅಣ್ಣನ ಮನೆಯ ಆಳು. ನನ್ನ ಲೆಕ್ಕ ಇಷ್ಟೇ ಇತ್ತು.

ಇದನ್ನು ಖಾಲಾಗೆ ಹೇಳಿದೆ. ಸಮಾಧಾನ ಹೇಳಲಿಲ್ಲ. "ಎಳ್ಳಮಾಸಿ ದಿನ ಚಲೋ ಸೀರಿ ಉಟ್ಕೊಂಡು ಊರ ಹೊರಗಿನ ಬೇವಿನ ಗಿಡದ ಹತ್ರ ಬಾ. ಸಾವ್ಕಾರನ ಹೊಲಕ್ಕ ಚರಗಕ್ಕ ಹೋಗೂದದ. ಮನ್ಯಾಗ ಹೊಟ್ಟಿ ತುಂಬ ಉಂಡು ಬಾ" ಎಂದಳು.

"ಚರಗಕ್ಕ ಹೋಗೂ ಮಂದಿ ಯಾರರೆ ಮನ್ಯಾಗ ಉಂಡು ಹೋಗ್ತಾರನು ಖಾಲಾ?"

"ನಾವು ಹೋಗ್ತೇವಿ."

ದೂರದ ಊರಿನವರಿಗೆ ಸ್ವಲ್ಪ ಹೇಳಬೇಕು. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ನಮ್ಮ ಕಡೆ ಊರಲ್ಲಿ ಒಲೆಯ ಮುಂದೆ ಯಾರೂ ಉಣ್ಣುವುದಿಲ್ಲ. ಸಜ್ಜೆ ರೊಟ್ಟಿ, ಕಡುಬು, ಹತ್ತಾರು ಸೊಪ್ಪು ಕಾಳು ಕೂಡಿಸಿ ಬೇಯಿಸಿದ ಭಜ್ಜಿ, ಅಂಬಲಿ ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗುವುದು. ಹೊಲದಲ್ಲಿ ಪೂಜೆ ಮಾಡಿ, ಭೂಮಿತಾಯಿಯ ಪಾಲೆಂದು ಆ ಅಡುಗೆಯನ್ನೇ ಬೆಳೆಯ ಮೇಲೆ ಚರಗ ಚೆಲ್ಲಿ, ಅಲ್ಲೇ ಉಣ್ಣುವುದು. ಇದರಲ್ಲಿ ಆ ಜಾತಿ ಈ ಜಾತಿ ಇಲ್ಲ, ಹಿಂದೂ ಮುಸಲ್ಮಾನ ಎಂಬುದೂ ಇಲ್ಲ. ಹೊಲ ಇದ್ದವರು ತಮ್ಮ ಹೊಲಕ್ಕೆ ಹೋಗುತ್ತಾರೆ, ಇಲ್ಲದವರು ಇದ್ದವರ ಹೊಲಕ್ಕೆ ಹೋಗುತ್ತಾರೆ. ಕರೆಯಬೇಕೆಂದಿಲ್ಲ. ದಾರಿಯಲ್ಲಿ ಹೋಗುವವರನ್ನೂ ಕೂಗಿ ಕೂರಿಸುತ್ತಾರೆ. ಹೊಲಕ್ಕೆ ಬಂದವರು ಉಣ್ಣದೆ ಎದ್ದು ಹೋದರೆ ಬೆಳೆಯ ಹುಲುಸು ಅವರ ಹಿಂದೆ ಹೋಗುತ್ತದೆ ಎನ್ನುತ್ತಾರೆ. ಬಂದವರೆಲ್ಲ ಉಂಡ ಮೇಲೆಯೇ ಹೊಲದವರು ಉಣ್ಣುವುದು.

ಅವತ್ತು ಬೇವಿನ ಗಿಡದ ಕೆಳಗೆ ನಾವು ಹತ್ತು ಹನ್ನೆರಡು ಹೆಂಗಸರು ಸೇರಿದೆವು. ಖಾಲಾ ಒಬ್ಬೊಬ್ಬರ ಹೊಟ್ಟೆಗೆ ಬೆರಳು ಒತ್ತಿ ನೋಡಿದಳು, ದನದ ಸಂತೆಯಲ್ಲಿ ನೋಡುವ ಹಾಗೆ. ಜಿಡಗಾದವಳ ಹೊಟ್ಟೆ ಒತ್ತಿ, "ಉಂಡಿಲ್ಲ ನೀನು" ಎಂದಳು.

"ಅಲ್ಲಿ ಭಜ್ಜಿ ಇರತದಲ್ಲ ಖಾಲಾ. ವರ್ಷಕ್ಕೊಮ್ಮಿ ಸಿಗೂದು."

"ಭಜ್ಜಿ ಮುಂದ ಕುಂತು ಉಣ್ಣದೇ ಇರಬೇಕು, ಅದ ಇವತ್ತಿನ ಕೆಲಸ. ಹಸದ ಹೊಟ್ಟಿ ಕಟ್ಕೊಂಡು ನೀ ಅರ್ಧ ತಾಸು ತಡಿಯಾಕಿ ಅಲ್ಲ." ಸೆರಗಿನಿಂದ ಎರಡು ಕಟಿ ರೊಟ್ಟಿ ತೆಗೆದು ಕೊಟ್ಟಳು. ಜಿಡಗಾದವಳು ದಾರಿಯುದ್ದಕ್ಕೂ ಕಟಂಕಟಂ ತಿನ್ನುತ್ತಾ ಬಂದಳು.

ಸಾವ್ಕಾರನ ಹೊಲ ಜಿಡಗಾ ರಸ್ತೆಗೆ ಹತ್ತಿಕೊಂಡಿತ್ತು. ತೊಗರಿ ಕಾಯಿ ಹಿಡಿದು ಬಾಗಿತ್ತು. ಜೋಳದ ದಂಟಿನ ಗುಡಿಸಲು ಕಟ್ಟಿ, ಒಳಗೆ ಪೂಜೆ ಮಾಡಿದ್ದರು. ಜಮಖಾನೆ ಹಾಸಿ ದೊಡ್ಡ ಮಂದಿಯನ್ನು ಕೂರಿಸಿದ್ದರು. ಮಾರ್ಕೆಟ್ಟಿನ ವ್ಯಾಪಾರಿಗಳು, ಸಾಲಿ ಮಾಸ್ತರು, ಯಾವುದೋ ಆಫೀಸಿನ ಸಾಹೇಬರು. ಹುಡುಗರು ಹುಲ್ಲುಲ್ಲಿಗೋ ಎಂದು ಕೂಗುತ್ತಾ ಚರಗ ಚೆಲ್ಲಿ ಬಂದಿದ್ದರು. ನಮ್ಮನ್ನು ನೋಡಿ ಸಾವ್ಕಾರನ ಮುಖ ಸಣ್ಣದಾಯಿತು, ಆದರೂ "ಬರ್ರಿ ಬರ್ರಿ, ಕೂಡ್ರಿ" ಎಂದ. ಎಳ್ಳಮಾಸಿಯ ದಿನ ಬೇರೆ ಏನು ಅನ್ನಲಿಕ್ಕೆ ಬರುತ್ತದೆ.

ಸಾಲಾಗಿ ಕೂತೆವು. ಸಾವ್ಕಾರನ ತಾಯಿ, ಬಿಳಿ ಸೀರೆಯ ಸಣಕಲು ಮುದುಕಿ, ತಾನೇ ಬಗ್ಗಿ ಬಡಿಸಿದಳು. ರೊಟ್ಟಿ, ಭಜ್ಜಿ, ಕಡುಬು, ಶೇಂಗಾ ಹಿಂಡಿ, ಬೆಣ್ಣೆ. ಬಡಿಸಿ ಮುಂದೆ ಹೋಗಿ, ಸಾಲಿನ ಕೊನೆಯಿಂದ ತಿರುಗಿ ನೋಡಿದರೆ ಯಾರೂ ಕೈ ಹಾಕಿಲ್ಲ. ಎಲ್ಲರ ಕೈ ಮೊಣಕಾಲ ಮೇಲೆ. ಖಾಲಾ ಹಾಗೇ ಕೂರಬೇಕೆಂದು ಹೇಳಿದ್ದಳು, ಕೈ ಕಾಣುವ ಹಾಗೆ.

"ಯಾಕ ಬೇ, ಉಣವಲ್ರಿ?" ಎಂದಳು ಮುದುಕಿ. "ಉಪ್ಪು ಖಾರ ಹೆಚ್ಚುಕಮ್ಮಿ ಆಗ್ಯದನು?"

"ವಾಸನಿಗೇ ಗೊತ್ತಾಗ್ತದ್ರಿ ಅಮ್ಮಾ, ಬಾಳ ಚಲೋ ಆಗ್ಯದ" ಎಂದಳು ಖಾಲಾ. "ಆದ್ರ ಹೋದ ವರ್ಷದ ನಮ್ಮ ಕೂಲಿ ಇನ್ನಾ ನಿಮ್ಮ ಮನ್ಯಾಗ ಅದ. ಅದು ಕೈಯಾಗ ಬರೂತನಕ ಈ ರೊಟ್ಟಿ ಮುರಿಯಂಗಿಲ್ಲ. ಬೈಯಾಕ ಬಂದಿಲ್ಲ, ಬಡಿದಾಡಾಕ ಬಂದಿಲ್ಲ. ಹೊಲಕ್ಕ ಬಂದೇವಿ, ಕುಂತೇವಿ."

ಜಮಖಾನೆಯ ಮೇಲೆ ಕೂತವರು ಇತ್ತ ತಿರುಗಿದರು. ಸಾವ್ಕಾರ ಎದ್ದು ಬಂದ. "ಇವತ್ತು ಹಬ್ಬ, ಇವತ್ತು ಇದೆಲ್ಲ ಯಾಕ ಖಾಲಾ? ನಾಳಿ ಅಂಗಡಿಗೆ ಬರ್ರಿ."

"ನಾಳಿ ನಿಮ್ಮ ಅಂಗಡ್ಯಾಗ ಚಹಾ ಸಿಗ್ತದ್ರಿ ಸಾವ್ಕಾರ್ರ. ಚಹಾ ಸಾಕಾಗ್ಯದ."

ಯಾರೋ ನಕ್ಕರು. ಖಾಲಾ ಅವತ್ತು ನಗಲಿಲ್ಲ. ಒಬ್ಬ ವ್ಯಾಪಾರಿ, "ಎಬ್ಬಿಸಿ ಕಳಸ್ರಿ ಅತ್ಲಾಗ" ಎಂದ. ಅದಕ್ಕೆ ಮುದುಕಿ ತಿರುಗಿ, "ಚರಗದ ಹೊಲದಾಗ ಕುಂತವರನ್ನ ಎಬ್ಬಸೂ ಪದ್ಧತಿ ನಿಮ್ಮ ಮನ್ಯಾಗ ಇರಬೇಕು ತಮ್ಮಾ, ನಮ್ಮ ಮನ್ಯಾಗ ಇಲ್ಲ" ಎಂದಳು. ಆಮೇಲೆ ಮಗನನ್ನು ಕೇಳಿದಳು, "ಖರೇನನು?"

"ಕೊಡ್ತೇನಿ ಅಂದೇನಲ್ಲವಾ."

"ಕೊಡ್ತೇನಿ ಅಂದದ್ದು ಕೇಳಿಲ್ಲ. ಕೊಟ್ಟೀಯೋ ಇಲ್ಲೋ?"

ಸಾವ್ಕಾರ ದನಿ ಇಳಿಸಿದ. "ಅಮಾಸಿ ದಿನ ಲಕ್ಷ್ಮೀನ ಮನಿಯಿಂದ ಹೊರಗ ಹಾಕಬಾರದವಾ. ನಿನಗ ಗೊತ್ತಿಲ್ಲೇನು?"

ಮುದುಕಿ ತಡೆದಳು. ಅದು ಆಕೆಗೂ ನಾಟುವ ಮಾತು. ನೆಲೋಗಿಯ ಬಸ್ಸು ಕಣ್ಣ ಮುಂದೆ ಬಂತು. ಎದುರಿಗೆ ಭಜ್ಜಿ ಆರುತ್ತಿತ್ತು.

ಖಾಲಾ ಕೂತಲ್ಲಿಂದಲೇ, ಬೀಗರ ಮನೆಯಲ್ಲಿ ಮಾತಾಡುವ ಹಾಗೆ ನಿಧಾನಕ್ಕೆ ಹೇಳಿದಳು. "ಇಕಿ ನಿಮ್ಮ ಲಕ್ಷ್ಮಿ ಅಲ್ರಿ ಅಮ್ಮಾ. ನಮ್ಮಾಕಿ. ಹೋದ ವರ್ಷ ನಿಮ್ಮ ಮನಿಗೆ ನಾನ ಕಳಿಸಿದ್ದೆ. ನಾಲ್ಕು ದಿನ ಇದ್ದು ಬರ್ತಾಳ ಅಂದ್ರ ವರ್ಷ ಆದ್ರೂ ನೀವು ಕಳಸವಲ್ರಿ. ಹೆಣ್ಣುಮಗಳನ್ನ ಕರಕೊಂಡು ಹೋಗಾಕ ತವರಿನವರು ಬಂದು ಕುಂತೇವಿ. ಒಳ್ಳೆ ದಿನ ನೋಡೇ ಬಂದೇವಿ."

ಮುದುಕಿ ನಮ್ಮ ಸಾಲಿನ ಎದುರಿಗೆ ಕಪ್ಪು ಮಣ್ಣಿನ ಮೇಲೆ ಕೂತುಬಿಟ್ಟಳು. "ನಾ ಬೆಳಗಿಂದ ಬಾಯಾಗ ಹನಿ ನೀರು ಹಾಕಿಲ್ಲ" ಎಂದಳು ಮಗನಿಗೆ. "ಇವರು ಉಂಡ ಮ್ಯಾಲ ನಾ ಉಣ್ಣಾಕಿ. ನೀ ಯಾವಾಗ ಉಣಸ್ತೀ, ನೋಡು."

"ಅಮಾಸಿ ಅಂದ್ರ..."

"ಅಮಾಸಿ ದಿನ ರೊಕ್ಕ ಕೊಡಬಾರದು. ಮನಿ ಹೆಣಮಕ್ಕಳಿಗೆ ಉಡಿ ತುಂಬಬಾರದು ಅಂತ ಯಾರೂ ಹೇಳಿಲ್ಲ. ಕಳಸು ಮನಿಗೆ."

ಸಾವ್ಕಾರ ತನ್ನ ಆಳನ್ನು ಮೋಟರ್ ಸೈಕಲ್ ಮೇಲೆ ಊರಿಗೆ ಕಳಿಸಿದ. ಅವನು ಹೋಗಿ ಬರುವ ತನಕ ಎಲ್ಲರೂ ಊರಿನ ದಾರಿಯನ್ನೇ ನೋಡಿದರು. ಮಾಸ್ತರು ಒಮ್ಮೆ ಕೆಮ್ಮಿದರು. ಜಿಡಗಾದವಳು ಕಣ್ಣು ಮುಚ್ಚಿಕೊಂಡು ಕೂತಿದ್ದಳು, ಭಜ್ಜಿ ಕಾಣಬಾರದೆಂದು. ರೊಕ್ಕ ಒಂದು ಕೈಚೀಲದಲ್ಲಿ ಬಂತು. ಸಾವ್ಕಾರನ ಹೆಂಡತಿ ಒಬ್ಬೊಬ್ಬರ ಸೆರಗಿನಲ್ಲಿ ಒಂದು ಹಿಡಿ ಜೋಳ, ಎಲೆ ಅಡಿಕೆ ಹಾಕಿ, ಅದರ ಮೇಲೆ ನಮ್ಮ ನಮ್ಮ ಕೂಲಿ ಇಟ್ಟಳು. ಯಾರಿಗೆ ಎಷ್ಟು ಎಂದು ಸಾವ್ಕಾರ ಹಿಂದೆ ನಿಂತು ಹೇಳುತ್ತಿದ್ದ. ಒಂದು ಪೈಸೆ ತಪ್ಪಿಲ್ಲದೆ ಅವನಿಗೆ ನೆನಪಿತ್ತು. ಅದು ನನಗೆ ಅವತ್ತೂ ಸೇರಲಿಲ್ಲ, ಇವತ್ತೂ ಸೇರುವುದಿಲ್ಲ.

ಕೊನೆಗೆ ಖಾಲಾ. ಗಂಡ ಸತ್ತವಳಿಗೆ ಉಡಿ ತುಂಬುವ ಪದ್ಧತಿ ಇಲ್ಲ. ಸೊಸೆ ಜೋಳ ಹಿಡಿದ ಕೈ ಹಾಗೇ ಇಟ್ಟುಕೊಂಡು ಅತ್ತೆಯ ಮುಖ ನೋಡಿದಳು. ಮುದುಕಿ ಏನು ಹೇಳುವವಳಿದ್ದಳೋ ಗೊತ್ತಿಲ್ಲ, ಅಷ್ಟರಲ್ಲಿ ಖಾಲಾ ಅಂಗೈ ಚಾಚಿ, "ನನಗ ಜ್ವಾಳ ಬ್ಯಾಡ್ರಿ ತಂಗಿ, ರೊಕ್ಕ ಸಾಕು" ಎಂದಳು. ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಮುದುಕಿ ಆರಿದ್ದನ್ನೆಲ್ಲ ತೆಗೆಸಿ ಮತ್ತೆ ಬಿಸಿ ಬಿಸಿ ಬಡಿಸಿದಳು. "ಈಗ ಉಣ್ಣಬೇಕು. ಒಂದು ತುತ್ತು ಬಿಡಂಗಿಲ್ಲ." ನಮ್ಮದೆಲ್ಲ ಹೊಟ್ಟೆ ತುಂಬಿತ್ತು. ಖಾಲಾ ಬೆರಳು ಒತ್ತಿ ನೋಡಿ ತುಂಬಿಸಿದ ಹೊಟ್ಟೆ. ಮಾತು ಕೊಟ್ಟಾಗಿತ್ತು, ಉಣ್ಣದೆ ಬಿಡುವ ಹಾಗಿರಲಿಲ್ಲ. ನಾವು ಎದ್ದರೆ ಮಾತ್ರ ಮುದುಕಿ ಉಣ್ಣುವುದು. ಉಂಡೆವು. ಬೆವರು ಸುರಿಸಿಕೊಂಡು ಉಂಡೆವು. ಎಲ್ಲರಿಗಿಂತ ಹೆಚ್ಚು ಮುದುಕಿ ಖಾಲಾಗೇ ಹಾಕಿದಳು, ಬೇಡವೆಂದಷ್ಟೂ ಹಾಕಿದಳು. ಖಾಲಾ ಅಷ್ಟನ್ನೂ ಉಂಡು ಮುದುಕಿಯ ಕೈ ಹಿಡಿದು ಎದ್ದಳು. ಯಾರು ಯಾರನ್ನು ಎಬ್ಬಿಸಿದರೋ ಗೊತ್ತಾಗಲಿಲ್ಲ. ದಾರಿಯಲ್ಲಿ ಜಿಡಗಾದವಳು ಎರಡು ಸಲ ಬದುವಿನ ಮೇಲೆ ಕೂತು ಉಸಿರು ತೆಗೆದುಕೊಂಡಳು. "ಖಾಲಾ, ಇನ್ನೊಮ್ಮೆ ಯಾರರೆ ಕೂಲಿ ಬಾಕಿ ಇಟ್ರ ನನಗ ಕರೀಬ್ಯಾಡ" ಎಂದಳು. "ಯಾಕ ಬೇ?" "ಹೊಟ್ಟಿ ಒಡೀತದ."

ಆಮೇಲೆ ಖಾಲಾ ಬಹಳ ವರ್ಷ ಬದುಕಿದಳು. ಆಳಂದದಲ್ಲಿ ಯಾರದಾದರೂ ಕೂಲಿ ನಿಂತರೆ ಆಕೆಯ ಹತ್ತಿರ ಬರುತ್ತಿದ್ದರು. ಒಮ್ಮೆ ಒಬ್ಬ ಕಾಂಟ್ರಾಕ್ಟರನ ಹಿಂದೆ ಹತ್ತಿ ಆರು ತಿಂಗಳು ಅಲೆದು ಏನೂ ಸಿಗದೆ ಬಂದಳು. ಅದನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಎಲ್ಲ ಸಲವೂ ಗೆದ್ದವಳಲ್ಲ. ಸೋತು ಬಂದ ದಿನವೂ ಮನೆಯ ಮುಂದೆ ಕೂತು ಮಿಶ್ರಿ ತಿಕ್ಕುತ್ತಾ ಹೋಗಿಬರುವವರನ್ನು ಬೈಯುತ್ತಿದ್ದಳು. ಸಾವ್ಕಾರನ ತಾಯಿ ಸತ್ತಾಗ ಮಾತ್ರ ಇಡೀ ದಿನ ಯಾರನ್ನೂ ಬೈಯಲಿಲ್ಲ.

ಎಳ್ಳಮಾಸಿಯ ಸಂಜೆ ನಾನು ಖೋಲಿಯವನಿಗೆ ಬಾಡಿಗೆ ಕೊಟ್ಟೆ. ಜೇವರ್ಗಿಯ ಕಡೆ ಹೋಗುವವರೊಬ್ಬರು ಸಿಕ್ಕರು. ನಮ್ಮ ಅಣ್ಣನಿಗೆ ಬರಬೇಡ ಎಂದು ಹೇಳಿ ಎಂದೆ. ಕಟ್ಟಿಟ್ಟ ಸಾಮಾನು ಬಿಚ್ಚಲು ಆಗಲಿಲ್ಲ, ಬಗ್ಗಲಿಕ್ಕೇ ಬರುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಮಿಲ್ಲಿಗೆ ಹೋದೆ. ಮಿಲ್ಲು ಹಿಡಿದ ಹೊಸಬ ಹೊಸ ರಾಶಿಗೆ ಕಾಯದೆ ಹಳೆಯ ತೊಗರಿಯಿಂದ ಆ ವಾರವೇ ಕೆಲಸ ಶುರು ಮಾಡುವವನಿದ್ದ, ಹಳೆಯ ಹೆಂಗಸರೆಲ್ಲ ಬರಲಿ ಎಂದು ಹೇಳಿ ಕಳಿಸಿದ್ದ. ಗೇಟಿನಲ್ಲೇ ಸಿಕ್ಕ.

"ಬಾರವಾ. ಪದ್ಧತಿ ಹಳೇದೇ ಇರಲಿ. ಸಂತಿ ದಿನ ಖರ್ಚಿ ಒಯ್ರಿ, ಉಳದದ್ದು ನನ್ನ ಹತ್ರ ಜಮಾ. ನಿಮ್ಮ ಗಂಡರ ಕೈಗೆ ಸಿಗಬಾರದಲ್ಲ."

"ನನ್ನ ಗಂಡನ ಕೈ ಸೊಲ್ಲಾಪುರದಿಂದ ಇಲ್ಲಿತನಕ ಬರಂಗಿಲ್ರಿ" ಎಂದೆ. "ಸಂತಿ ದಿನ ಪೂರಾ ಕೂಲಿ ಕೈಯಾಗ ಇಡೂದಿದ್ರ ಒಳಗ ಬರ್ತೇನಿ."

"ಖಾಲಾ ಹೇಳಿ ಕಳಸ್ಯಾಳನು?"

"ಖಾಲಾಗ ಹೊಟ್ಟಿ ಕೆಟ್ಟದ. ಮಲಗ್ಯಾಳ."

ಅವನು ನನ್ನನ್ನು ಮೇಲೆ ಕೆಳಗೆ ನೋಡಿದ. ಚಹಾ ಕುಡೀತೀಯಾ ಎಂದ. ಬ್ಯಾಡ್ರಿ ಎಂದೆ. ಇನ್ನೊಂದಿಷ್ಟು ಹೊತ್ತು ನೋಡಿ, "ಆತು, ಸಂತಿ ದಿನ ಪೂರಾ" ಎಂದ. ಆ ಮಾತು ಅವನ ಬಾಯಿಂದ ಬಂದ ಮೇಲೆ ಗೇಟು ದಾಟಿ ಒಳಗೆ ಹೋದೆ. ಮೂಲೆಯಲ್ಲಿ ಬಿದ್ದಿದ್ದ ಮೊರ ತೆಗೆದುಕೊಂಡು, ಧೂಳು ಜಾಡಿಸಿ, ಅಂಗಳದಲ್ಲಿ ಕೂತೆ.